ಪುಸ್ತಕದ ಗಂಟೆ, ಗಡಿಯಾರದ ಗಂಟೆ

ಕಾರನ್ನು ಷೋರೂಮಿನ ವರ್ಕ್‌ಷಾಪಿಗೆ ಬಿಟ್ಟು ಬಂದರೆ ಸಂಜೆ ಕೈಗೆ ಬರುವ ಬಿಲ್ಲಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು ಆಯಿಲ್, ಫಿಲ್ಟರ್, ಬಿಡಿಭಾಗಗಳ ಲೆಕ್ಕ. ಇನ್ನೊಂದು ‘ಲೇಬರ್’ ಎಂದು ಬರೆದಿರುವ ಕೂಲಿಯ ಲೆಕ್ಕ. ಸಾಮಾನಿನ ಬೆಲೆಯನ್ನು ನಾವು ಸಾಲು ಸಾಲಾಗಿ ಬೆರಳಿಟ್ಟು ಕೇಳುತ್ತೇವೆ. ಲೇಬರ್ ಜಾಸ್ತಿಯಾಯಿತೆಂದು ಗೊಣಗುವುದೂ ಉಂಟು. ಆದರೆ ಆ ಹಣದಲ್ಲಿ ಸ್ಪ್ಯಾನರ್ ಹಿಡಿದವನ ಕೈಗೆ ಎಷ್ಟು ಹೋಯಿತು, ಅದಕ್ಕಿಂತ ಮುಖ್ಯವಾಗಿ ಯಾವ ಲೆಕ್ಕದಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಏಕೆಂದರೆ ಕಾರು ಸರಿಹೋಗುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಮೆಕ್ಯಾನಿಕ್‌ನ ಜಾಣತನಕ್ಕಿಂತ ಅವನ ಸಂಬಳದ ಚೀಟಿಯನ್ನು ಅವಲಂಬಿಸಿರುತ್ತದೆ.

ಇದು ಕಣ್ಣಿಗೆ ಹೊಡೆಯುವಂತೆ ಕಾಣುವುದು ಅಮೆರಿಕದಲ್ಲಿ. ಅಲ್ಲಿನ ಕಾರು ಡೀಲರುಗಳ ವರ್ಕ್‌ಷಾಪುಗಳಲ್ಲಿ ‘ಫ್ಲಾಟ್ ರೇಟ್’ ಎಂಬ ಪದ್ಧತಿ ಬಹಳ ಕಾಲದಿಂದ ಬೇರೂರಿದೆ. ಯಾವ ಕಾರಿಗೆ ಯಾವ ಕೆಲಸಕ್ಕೆ ಎಷ್ಟು ಸಮಯ ಬೇಕು ಎಂದು ಮೊದಲೇ ಗೊತ್ತುಪಡಿಸಿದ ಪಟ್ಟಿಗಳಿವೆ. ಚಿಲ್ಟನ್, ಮಿಚೆಲ್ ಎಂಬ ಹೆಸರಿನ ದಪ್ಪ ಕೈಪಿಡಿಗಳು ಅಲ್ಲಿನ ಗ್ಯಾರೇಜುಗಳಲ್ಲಿ ಮನೆಮಾತು. ಈಗ ಅವೆಲ್ಲ ಕಂಪ್ಯೂಟರಿಗೆ ಏರಿವೆ. ಒಂದು ಕೆಲಸಕ್ಕೆ ಪುಸ್ತಕ ಎರಡು ಗಂಟೆ ಎಂದು ಹೇಳಿತೆನ್ನಿ. ಮೆಕ್ಯಾನಿಕ್ ಅದನ್ನು ಒಂದೇ ಗಂಟೆಯಲ್ಲಿ ಮುಗಿಸಿದರೂ ಎರಡು ಗಂಟೆಯ ಕೂಲಿ ಸಿಗುತ್ತದೆ. ನಾಲ್ಕು ಗಂಟೆ ಹಿಡಿದರೂ ಎರಡೇ ಗಂಟೆಯದು. ಬಿಡಿಭಾಗ ಬರಲೆಂದು ಕಾಯುತ್ತ ಕುಳಿತರೆ ಆ ಹೊತ್ತಿಗೆ ಸೊನ್ನೆ. ಮಾಡಿದ ಕೆಲಸ ಕೆಟ್ಟು ಕಾರು ವಾಪಸು ಬಂದರೆ ಸಾಮಾನ್ಯವಾಗಿ ಅದೇ ಮೆಕ್ಯಾನಿಕ್ ಪುಕ್ಕಟೆಯಾಗಿ ಮತ್ತೆ ಮಾಡಬೇಕು. ಅಂದರೆ ಅವನ ಬದುಕಿನಲ್ಲಿ ಎರಡು ಗಂಟೆಗಳಿವೆ. ಗೋಡೆಯ ಗಡಿಯಾರ ತೋರಿಸುವುದು ಒಂದು, ಪುಸ್ತಕ ತೋರಿಸುವುದು ಇನ್ನೊಂದು. ಮನೆಗೆ ಅಕ್ಕಿ ಬೇಳೆ ಬರುವುದು ಎರಡನೆಯದರಿಂದ.

ಇಂಥ ಕೂಲಿ ನಮಗೇನೂ ಹೊಸತಲ್ಲ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೊಡುತ್ತಾರೆ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ ಇದೆ. ಬೀಡಿಯಲ್ಲಿ ಸಡಿಲವಾಗಿ ಸುತ್ತಿದ್ದನ್ನು ಅಲ್ಲಿಯೇ ಆರಿಸಿ ತಿರಸ್ಕರಿಸುತ್ತಾರೆ. ತಪ್ಪು ಕಟ್ಟಿದವರ ಎದುರಿನಲ್ಲೇ ತಪ್ಪು ಸಿಕ್ಕುತ್ತದೆ. ಕಾಫಿಯಲ್ಲಿ ಹಾಗಲ್ಲ. ಕಿಲೋ ಲೆಕ್ಕವೆಂದರೆ ಕೈ ಗಿಡವನ್ನು ಬಾಚುತ್ತದೆ, ಕೆಂಪು ಹಣ್ಣಿನ ಜೊತೆ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ಮೇಸ್ತ್ರಿ ಚೀಲ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ, ನೋಡದಿದ್ದರೆ ಇಲ್ಲ. ಮೇಸ್ತ್ರಿ ಇರುವುದೇ ಅದಕ್ಕೆ. ಈಗ ಪ್ರಶ್ನೆ ಇಷ್ಟು: ಕಾರಿನ ರಿಪೇರಿ ಬೀಡಿಯ ಹಾಗೋ, ಕಾಫಿಯ ಹಾಗೋ?

ಕಾರಿನ ಕೆಲಸಗಳಲ್ಲಿ ಬೀಡಿಯ ಜಾತಿಯವೂ ಇವೆ. ಅದಕ್ಕೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಹೆಸರಾದ ಉದಾಹರಣೆಯೊಂದಿದೆ. ಅಮೆರಿಕದ ಸೇಫ್‌ಲೈಟ್ ಎಂಬ ಕಂಪನಿಯ ಕೆಲಸ ಒಡೆದ ಕಾರಿನ ಗಾಜು ಬದಲಿಸುವುದು. 1994 ಮತ್ತು 1995ರಲ್ಲಿ ಅದು ತನ್ನ ಕೆಲಸಗಾರರನ್ನು ಗಂಟೆ ಲೆಕ್ಕದ ಸಂಬಳದಿಂದ ಗಾಜಿನ ಲೆಕ್ಕದ ಕೂಲಿಗೆ ಬದಲಾಯಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೇಜಿಯರ್ ಆ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಬರೆದರು. ಒಬ್ಬ ಕೆಲಸಗಾರ ಕೂರಿಸುವ ಗಾಜುಗಳ ಸಂಖ್ಯೆ ಸರಾಸರಿ ಶೇಕಡಾ 44ರಷ್ಟು ಏರಿತ್ತು. ಅದರಲ್ಲಿ ಸುಮಾರು ಅರ್ಧ ಇದ್ದವರೇ ಚುರುಕಾದದ್ದರಿಂದ, ಮಿಕ್ಕದ್ದಕ್ಕೆ ಚುರುಕಾದವರು ಹುಡುಕಿಕೊಂಡು ಬಂದದ್ದೂ ಒಂದು ಕಾರಣ. ಗುಣಮಟ್ಟ ಹಾಳಾಗಲಿಲ್ಲವೆ? ಹೇಳಿಕೊಳ್ಳುವಂತೆ ಆಗಲಿಲ್ಲ. ಏಕೆಂದರೆ ಸರಿಯಾಗಿ ಕೂರದ ಗಾಜು ಸೋರುತ್ತದೆ, ಇಲ್ಲವೆ ಬಿರುಕು ಬಿಡುತ್ತದೆ. ಗಿರಾಕಿ ಬೇಗನೆ ವಾಪಸು ಬರುತ್ತಾನೆ. ಕೂರಿಸಿದವನು ಯಾರೆಂದು ಗೊತ್ತು, ಅವನೇ ತನ್ನ ಸ್ವಂತ ಸಮಯದಲ್ಲಿ ಮತ್ತೆ ಕೂರಿಸಬೇಕು. ತಪ್ಪು ಬೇಗ ಕಾಣುವುದು, ಯಾರದ್ದೆಂದು ತಿಳಿಯುವುದು ಎರಡೂ ಇದ್ದಲ್ಲಿ ಕೆಲಸದ ಲೆಕ್ಕದ ಕೂಲಿಯಿಂದ ಕೆಡುಕಿಲ್ಲ.

ಇನ್ನು ಕಾಫಿ ಜಾತಿಯ ಕೆಲಸ. ಬ್ರೇಕ್ ಫ್ಲೂಯಿಡ್ ಬದಲಿಸುವುದನ್ನೇ ನೋಡಿ. ಬ್ರೇಕಿನ ಈ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಹೊಸತಿದ್ದಾಗ ಡಾಟ್ 3 ದರ್ಜೆಯ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಸೇರಿದ ಮೇಲಿನ ಮಿತಿ ಬರೀ 140 ಡಿಗ್ರಿ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಕುದಿದರೆ ಆವಿಯ ಗುಳ್ಳೆಗಳು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೆಡಲ್ ಪೂರ್ತಿ ಕೆಳಗಿಳಿದರೂ ಬ್ರೇಕು ಹಿಡಿಯುವುದಿಲ್ಲ. ಸರಿಯಾಗಿ ಬದಲಿಸಬೇಕೆಂದರೆ ನಾಲ್ಕು ಚಕ್ರಗಳ ಹತ್ತಿರವೂ ನಿಪ್ಪಲ್ ಸಡಿಲಿಸಿ ಹಳೆಯ ದ್ರವವೆಲ್ಲ ಹೊರಬರುವವರೆಗೆ ಬಿಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅವಸರದವನಿಗೆ ಒಂದು ಅಡ್ಡದಾರಿಯಿದೆ: ಬಾನೆಟ್ ಎತ್ತಿ ಮೇಲಿನ ಡಬ್ಬಿಯಲ್ಲಿರುವುದನ್ನಷ್ಟೇ ಹೀರಿ ತೆಗೆದು ಹೊಸದನ್ನು ತುಂಬುವುದು. ಡಬ್ಬಿಯಲ್ಲಿ ದ್ರವ ಬೆಳ್ಳಗೆ ಹೊಳೆಯುತ್ತದೆ, ಬಿಲ್ಲಿನಲ್ಲಿ ಸಾಲು ಬೀಳುತ್ತದೆ, ಪೇಟೆಯ ಓಡಾಟದಲ್ಲಿ ಬ್ರೇಕು ಚೆನ್ನಾಗಿಯೇ ಇರುತ್ತದೆ. ನಿಜ ಗೊತ್ತಾಗುವುದು ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ತುಂಬಿದ ಕಾರು ಉದ್ದಕ್ಕೂ ಬ್ರೇಕು ಒತ್ತುತ್ತ ಇಳಿಯುವಾಗ. ಅದು ಆರು ತಿಂಗಳ ನಂತರವಿರಬಹುದು. ಆಗ ಯಾರ ಮೇಲೆ ತಪ್ಪು ಹೊರಿಸುವುದು?

ಚಕ್ರದ ನಟ್ಟಿನ ಕಥೆಯೂ ಇದೇ. ಸಣ್ಣ ಕಾರುಗಳಲ್ಲಿ ಸುಮಾರು 80ರಿಂದ 110 ನ್ಯೂಟನ್-ಮೀಟರಿನಷ್ಟು ಬಿಗಿ ಇರಬೇಕೆಂದು ಕಂಪನಿಗಳು ಹೇಳುತ್ತವೆ. ಅದನ್ನು ಅಳೆಯುವ ಟಾರ್ಕ್ ರೆಂಚ್ ಗೋಡೆಗೆ ತೂಗಿರುತ್ತದೆ. ಕೈಗೆ ಸಿಗುವುದು ಗಾಳಿಯ ಗನ್. ಟರ್ರ್ ಎಂದರೆ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ತೊಂದರೆ ಹುಡುಕುವ ಕೆಲಸಕ್ಕೆ. ಒಂದು ಕಾರು ಒಮ್ಮೊಮ್ಮೆ, ಯಾವಾಗಲೋ, ಓಡುತ್ತಿದ್ದಂತೆಯೇ ನಿಂತುಬಿಡುತ್ತದೆ ಎಂದುಕೊಳ್ಳಿ. ಡ್ಯಾಷ್‌ಬೋರ್ಡಿನ ಹಿಂದೆ ಎಲ್ಲೋ ವೈರೊಂದು ತಗಡಿಗೆ ಉಜ್ಜಿ ಸವೆದಿದೆ. ಸ್ಕ್ಯಾನರ್ ಚುಚ್ಚಿದರೆ ಕೋಡ್ ಕೊಡುತ್ತದೆ. ಕೋಡ್ ಎಂದರೆ ಕಾಯಿಲೆಯ ಹೆಸರಲ್ಲ, ಜ್ವರವಿದೆ ಎಂಬ ಸುದ್ದಿ ಅಷ್ಟೆ. ಆಮೇಲೆ ಮೀಟರ್ ಹಿಡಿದು ವೈರಿಂಗ್ ನಕ್ಷೆ ನೋಡುತ್ತ ಒಂದೊಂದೇ ಕನೆಕ್ಟರ್ ಬಿಚ್ಚಿ ನೋಡಬೇಕು. ಲೆಕ್ಕಕ್ಕೆಂದು ಮೂರು ಗಂಟೆ ಎನ್ನೋಣ. ಪುಸ್ತಕ ಹುಡುಕಾಟಕ್ಕೆ ಕೊಡುವುದು ಒಂದು ಗಂಟೆ. ಅದೇ ಮೂರು ಗಂಟೆಯಲ್ಲಿ ಪಕ್ಕದ ಬೇಯಲ್ಲಿರುವವನು ಬ್ರೇಕ್ ಪ್ಯಾಡ್ ಬದಲಿಸುತ್ತ ಪುಸ್ತಕದ ಐದು ಗಂಟೆ ಸಂಪಾದಿಸಿರುತ್ತಾನೆ. ಇವನು ಅವನಿಗಿಂತ ಬುದ್ಧಿವಂತ, ಬುದ್ಧಿವಂತನೆಂದೇ ಈ ಕಾರನ್ನು ಇವನಿಗೆ ಕೊಟ್ಟಿದ್ದಾರೆ. ಬುದ್ಧಿಗೆ ಸಿಕ್ಕ ಬಹುಮಾನ ಐದರ ಬದಲು ಒಂದು!

ವಾರಂಟಿ ಅವಧಿಯ ಕಾರಾದರೆ ಇನ್ನೂ ಕಷ್ಟ. ಅದರ ಕೂಲಿ ಕೊಡುವವನು ಗಿರಾಕಿಯಲ್ಲ, ಕಾರು ತಯಾರಿಸಿದ ಕಂಪನಿ. ಕಂಪನಿಯ ವಾರಂಟಿ ಪಟ್ಟಿಯಲ್ಲಿ ಸಮಯ ಸಾಮಾನ್ಯ ಪಟ್ಟಿಗಿಂತ ಬಿಗಿಯಾಗಿರುತ್ತದೆ. ತುಕ್ಕು ಹಿಡಿದ ಬೋಲ್ಟು ಆ ಪಟ್ಟಿಗೆ ಗೊತ್ತೇ ಇಲ್ಲ ಎಂಬುದು ಅಲ್ಲಿನ ಮೆಕ್ಯಾನಿಕರ ಹಳೆಯ ದೂರು. ಹೀಗಿರುವಾಗ ವರ್ಕ್‌ಷಾಪಿನವರು ಕಾರು ವಾಪಸು ಕೊಟ್ಟು ‘ಪರೀಕ್ಷಿಸಲಾಗಿದೆ, ತೊಂದರೆ ಕಂಡುಬಂದಿಲ್ಲ’ ಎಂದು ಬರೆದರೆ ಅದು ಸುಳ್ಳೆಂದು ಹೇಳಲಾಗದು. ಹುಡುಕಲು ಕೊಟ್ಟ ಹೊತ್ತಿನಲ್ಲಿ ಕಂಡುಬಂದಿಲ್ಲ, ಅಷ್ಟೆ. ಇಲ್ಲವೆ ಹುಡುಕುವುದನ್ನು ಬಿಟ್ಟು ಅನುಮಾನವಿದ್ದ ಭಾಗಗಳನ್ನೆಲ್ಲ ಒಂದೊಂದಾಗಿ ಬದಲಿಸುತ್ತ ಹೋಗುತ್ತಾರೆ. ಬದಲಿಸಿದ್ದಕ್ಕೆ ಪುಸ್ತಕದಲ್ಲಿ ಸಮಯವಿದೆ, ಯೋಚಿಸಿದ್ದಕ್ಕಿಲ್ಲ.

ಬೆಂಗ್ಟ್ ಹೋಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್‌ಗ್ರಮ್ ಎಂಬ ಇಬ್ಬರು 1991ರಲ್ಲಿ ಇದನ್ನು ಗಣಿತದಲ್ಲೇ ತೋರಿಸಿದರು. ಒಂದು ಕೆಲಸದಲ್ಲಿ ಅಳೆಯಬಹುದಾದ ಭಾಗವೂ ಅಳೆಯಲಾಗದ ಭಾಗವೂ ಇದ್ದು, ಅಳೆದದ್ದಕ್ಕೆ ಮಾತ್ರ ಹಣ ಕೊಟ್ಟರೆ, ಕೆಲಸಗಾರನ ಗಮನವೆಲ್ಲ ಅತ್ತಲೇ ಸರಿಯುತ್ತದೆ. ಇಬ್ಬರಿಗೂ ಮುಂದೆ ನೊಬೆಲ್ ಬಂತು, ಒಬ್ಬರಿಗೆ 2016ರಲ್ಲಿ, ಇನ್ನೊಬ್ಬರಿಗೆ 2020ರಲ್ಲಿ. ಅವರು ಕೊಟ್ಟ ಉದಾಹರಣೆಗಳಲ್ಲಿ ಮೇಷ್ಟರೂ ಇದ್ದಾರೆ. ಪರೀಕ್ಷೆಯ ಅಂಕ ನೋಡಿ ಮೇಷ್ಟರಿಗೆ ಬಹುಮಾನ ಕೊಟ್ಟರೆ ಅಂಕಕ್ಕೆ ಬರದ ಪಾಠಗಳು ಸೊರಗುತ್ತವೆ ಎಂದು. ಶೇಕಡಾವಾರು ಫಲಿತಾಂಶಕ್ಕಾಗಿ ಪ್ರಯೋಗಾಲಯದ ಬೀರುಗಳಿಗೆ ಬೀಗ ಬಿದ್ದುದನ್ನು ಕಂಡಿರುವ ನನ್ನಂಥ ವಿಜ್ಞಾನದ ಮೇಷ್ಟರಿಗೆ ಇದನ್ನು ತಿಳಿಯಲು ಗಣಿತ ಬೇಕಿರಲಿಲ್ಲ.

ಕೂಲಿಯ ಲೆಕ್ಕ ಎಲ್ಲಿಯವರೆಗೆ ಎಳೆದೊಯ್ಯಬಲ್ಲದು ಎಂಬುದಕ್ಕೆ ಸಿಯರ್ಸ್ ಪ್ರಕರಣವಿದೆ. ಅದು ಕಾರು ಡೀಲರಲ್ಲ, ಅಂಗಡಿಗಳ ಜೊತೆಗೆ ಕಾರು ರಿಪೇರಿ ಕೇಂದ್ರಗಳನ್ನೂ ನಡೆಸುತ್ತಿದ್ದ ದೊಡ್ಡ ಹಳೆಯ ಕಂಪನಿ. ವ್ಯಾಪಾರ ಹೆಚ್ಚಿಸಲೆಂದು ಅದು ಗಿರಾಕಿಗಳ ಜೊತೆ ಮಾತಾಡುವ ಸಲಹೆಗಾರರಿಗೆ ಕಮಿಷನ್ನು ಇಟ್ಟಿತು, ಇಂತಿಷ್ಟು ಶಾಕ್ ಅಬ್ಸಾರ್ಬರ್, ಇಂತಿಷ್ಟು ಅಲೈನ್‌ಮೆಂಟ್ ಆಗಬೇಕೆಂಬ ಗುರಿಯನ್ನೂ ಇಟ್ಟಿತು. ದೂರುಗಳು ಬಂದ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರದ ವಾಹನ ರಿಪೇರಿ ಇಲಾಖೆ ಮಾರುವೇಷದ ತಪಾಸಣೆಗಿಳಿಯಿತು. ಬ್ರೇಕ್ ಪ್ಯಾಡ್ ಸವೆದಿದ್ದು, ಮಿಕ್ಕಂತೆ ಗಟ್ಟಿಯಾಗಿದ್ದ ಕಾರುಗಳನ್ನು ಸಾಮಾನ್ಯ ಗಿರಾಕಿಗಳಂತೆ ಕಳಿಸಿತು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬೇಡದ ಕೆಲಸವನ್ನೂ ಸೇರಿಸಿದ್ದರು ಎಂದು 1992ರ ಜೂನ್‌ನಲ್ಲಿ ಸರ್ಕಾರ ಆರೋಪಿಸಿತು. ರಾಜ್ಯದಲ್ಲಿದ್ದ ಸಿಯರ್ಸ್‌ನ 72 ಕೇಂದ್ರಗಳ ಪರವಾನಗಿಗೇ ಕುತ್ತು ಬಂತು. ಅದೇ ತಿಂಗಳು ಕಂಪನಿಯ ಅಧ್ಯಕ್ಷ ಎಡ್ವರ್ಡ್ ಬ್ರೆನನ್ ತಪ್ಪುಗಳಾದವೆಂದು ಒಪ್ಪಿಕೊಂಡು ಕಮಿಷನ್ನನ್ನೂ ಗುರಿಗಳನ್ನೂ ರದ್ದು ಮಾಡಿದರು. ರಾತ್ರೋರಾತ್ರಿ ನೂರಾರು ಜನ ಒಟ್ಟಿಗೆ ಕಳ್ಳರಾದರೆಂದು ನಾನು ನಂಬುವುದಿಲ್ಲ. ಅವರ ಸಂಬಳದ ಲೆಕ್ಕ ಬದಲಾಗಿತ್ತು.

ಮೆಕ್ಯಾನಿಕ್‌ನ ಕಡೆಯಿಂದಲೂ ನೋಡಬೇಕು. 2023ರಲ್ಲಿ ಅಮೆರಿಕದ ಕಾರು ಮೆಕ್ಯಾನಿಕರ ಮಧ್ಯಮ ವಾರ್ಷಿಕ ಗಳಿಕೆ ಸುಮಾರು 47 ಸಾವಿರ ಡಾಲರ್. ಅನೇಕ ಡೀಲರುಗಳು ಗಿರಾಕಿಯಿಂದ ಗಂಟೆಗೆ 150 ಡಾಲರಿಗಿಂತ ಹೆಚ್ಚು ವಸೂಲು ಮಾಡುವ ದೇಶದಲ್ಲಿ ಇದು. ಸ್ಪ್ಯಾನರು, ಸಾಕೆಟ್ಟುಗಳನ್ನು ಅವನೇ ತನ್ನ ದುಡ್ಡಿನಲ್ಲಿ ಕೊಳ್ಳಬೇಕು. ಹತ್ತಾರು ಸಾವಿರ ಡಾಲರಿನ ಪೆಟ್ಟಿಗೆ ಹೊಂದಿರುವವರಿದ್ದಾರೆ. ಡೀಲರುಗಳ ಮೆಕ್ಯಾನಿಕರಿಗೆ ಓವರ್‌ಟೈಮ್ ಕೊಡಲೇಬೇಕೆಂಬ ಕಟ್ಟುಪಾಡು ಅಲ್ಲಿನ ಕೇಂದ್ರ ಕಾನೂನಿನಲ್ಲಿಲ್ಲ. ಗಿರಾಕಿಯ ಜೊತೆ ಮಾತಾಡುವ ಸರ್ವಿಸ್ ಅಡ್ವೈಸರಿಗೂ ಇಲ್ಲವೆಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5ಕ್ಕೆ 4ರ ಬಹುಮತದಿಂದ ಹೇಳಿತು. ಎದುರು ದಿಕ್ಕಿನ ತೀರ್ಪೊಂದು 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದಿತ್ತು. ಲಾಸ್ ಏಂಜಲಿಸ್‌ನ ಒಂದು ಮರ್ಸಿಡಿಸ್ ಡೀಲರಿನ ಮೆಕ್ಯಾನಿಕರು, ಕಾರಿಲ್ಲದೆ ಕಾಯುತ್ತ ಕುಳಿತ ಗಂಟೆಗಳಿಗೂ ಕೂಲಿ ಬೇಕೆಂದು ದಾವೆ ಹೂಡಿದ್ದರು. ಆ ಗಂಟೆಗಳಿಗೆ ಪ್ರತ್ಯೇಕವಾಗಿ ಕನಿಷ್ಠ ಕೂಲಿಯನ್ನಾದರೂ ಕೊಡಲೇಬೇಕೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಇಂಥದೇ ನಿಯಮ 2016ರಿಂದ ಆ ರಾಜ್ಯದ ಕಾನೂನಿನಲ್ಲೇ ಸೇರಿದೆ. ಗಡಿಯಾರದ ಗಂಟೆಗೂ ಬೆಲೆಯುಂಟೆಂದು ಹೇಳಲು ಕೋರ್ಟೇ ಬೇಕಾಯಿತು.

ನಮ್ಮ ಷೋರೂಮುಗಳಲ್ಲಿ ಸಾಮಾನ್ಯವಾಗಿ ತಿಂಗಳ ಸಂಬಳವಿದೆ. ಅದರ ಮೇಲೆ ಇನ್ಸೆಂಟಿವ್ ಎಂಬ ಒಗ್ಗರಣೆ. ಐಟಿಐ ಮಾಡಿ ಒಂದು ಷೋರೂಮಿನಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದಾಗ ಕೇಳಿದೆ.

“ಇನ್ಸೆಂಟಿವ್ ಯಾವುದರ ಮೇಲೋ?”

“ಗಾಡಿ ಲೆಕ್ಕ ಸಾರ್. ಸಂಜೆ ಒಳಗೆ ಇಷ್ಟು ಗಾಡಿ ಹೊರಗೆ ಹೋಗ್ಬೇಕು. ಅಡ್ವೈಸರ್‌ಗೆ ಬೇರೆ, ಅವರದು ಬಿಲ್ ಮೇಲೆ.”

“ತೊಂದರೆ ಹುಡುಕೋಕೆ ಅರ್ಧ ದಿನ ಹೋದರೆ?”

“ಅದಕ್ಕೆ ಕಾಲಂ ಇಲ್ಲ ಸಾರ್,” ಎಂದು ನಕ್ಕ.

ಅಡ್ವೈಸರ್ ಎಂಜಿನ್ ಡಿಕಾರ್ಬನೈಸಿಂಗ್ ಮಾಡಿಸಿ, ಕೆಳಗೆ ಕೋಟಿಂಗ್ ಹೊಡೆಸಿ, ಏಸಿಗೆ ಔಷಧಿ ಸಿಂಪಡಿಸಿ ಎಂದು ಒತ್ತಾಯ ಮಾಡುವುದು ಏಕೆಂದು ಇದರಿಂದ ತಿಳಿಯುತ್ತದೆ. ಅವನ ಮೇಲೆ ಸಿಟ್ಟಾಗಿ ಫಲವಿಲ್ಲ. ನಿಮ್ಮ ಕಾರಿನ ಕೈಪಿಡಿಯಲ್ಲಿ ಆ ಕೆಲಸ ಇದೆಯೇ, ಎಷ್ಟು ಕಿಲೋಮೀಟರಿಗೆ ಎಂದು ಬರೆದಿದೆ ಎಂದು ಕೇಳಿದರೆ ಸಾಕು. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಿ ಎನ್ನಲು ಸಂಕೋಚ ಬೇಡ. ಬ್ರೇಕ್ ಫ್ಲೂಯಿಡ್ ಬದಲಿಸಿದ್ದರೆ ಚಕ್ರಗಳ ಕಡೆಯಿಂದ ತೆಗೆದ ಹಳೆಯ ದ್ರವವೆಲ್ಲಿ ಎಂದು ಕೇಳಿ. ಅದು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ.

ಆಗೊಮ್ಮೆ ಈಗೊಮ್ಮೆ ಕಾಣುವ ತೊಂದರೆಯಾದರೆ ‘ಗಾಡಿ ಸರಿ ಇಲ್ಲ ನೋಡಿ’ ಎಂದು ಕೀಲಿಕೈ ಕೊಟ್ಟು ಬರಬೇಡಿ. ಎಂಜಿನ್ ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ, ಯಾವ ವೇಗದಲ್ಲಿ, ಏಸಿ ಹಾಕಿತ್ತೇ, ಮಳೆಯಿತ್ತೇ, ಗುಂಡಿಗೆ ಇಳಿದಾಗಲೇ ಆಯಿತೇ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಅಡ್ವೈಸರ್ ಜೊತೆಗಲ್ಲ, ಕೆಲಸ ಮಾಡುವ ಮೆಕ್ಯಾನಿಕ್ ಜೊತೆಗೇ ಹತ್ತು ನಿಮಿಷ ಕಾರಿನಲ್ಲಿ ಒಂದು ಸುತ್ತು ಹೋಗಿಬರುತ್ತೇನೆಂದು ಕೇಳಿ. ಕೂಲಿ ಇಲ್ಲದ ಅವನ ಹುಡುಕಾಟ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಹುಡುಕುವ ಮನಸ್ಸೂ ಬರುತ್ತದೆ.