ಹೊಟ್ಟು ಹಿಡಿದ ಲೋಹ ಎಲ್ಲಿಗೆ ಹೋಗಬೇಕು?

ಭತ್ತದ ಹೊಟ್ಟು, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ತೆಂಗಿನ ನಾರಿನ ಪುಡಿ ಮುಂತಾದ ಅಗ್ಗದ ತ್ಯಾಜ್ಯಗಳು ಕಾರ್ಖಾನೆಯ ಕಲುಷಿತ ನೀರಿನಿಂದ ಸೀಸ, ತಾಮ್ರ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಹೀರಿ ತೆಗೆಯಬಲ್ಲವೆಂಬುದು ಇಂದು ವಿವಾದದ ವಿಷಯವಲ್ಲ. ಅವುಗಳಲ್ಲಿನ ಸೆಲ್ಯುಲೋಸ್, ಲಿಗ್ನಿನ್‌ಗಳ ಹೈಡ್ರಾಕ್ಸಿಲ್ ಹಾಗೂ ಕಾರ್ಬಾಕ್ಸಿಲ್ ಗುಂಪುಗಳು ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಡತಗಳ ನಡುವೆ ದುಡಿಯುವವನಾದರೂ ರಸಾಯನಶಾಸ್ತ್ರ ಓದಿದವನಾಗಿ ನನಗಿದು ಸಂತಸದ ಸಂಗತಿಯೇ ಸರಿ.

ದೆಹಲಿ, ಮುಂಬಯಿ, ಚೆನ್ನೈಗಳ ಕೈಗಾರಿಕಾ ಪ್ರದೇಶಗಳಲ್ಲಿಯೂ ನಮ್ಮ ಬೆಂಗಳೂರಿನ ಪೀಣ್ಯದಲ್ಲಿಯೂ ಲೋಹಲೇಪನದ ಸಣ್ಣ ಘಟಕಗಳಿವೆ. ಒಳನಾಡಿನ ನದಿ, ಕೆರೆಗಳಿಗೆ ಬಿಡುವ ನೀರಿನಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಸುಣ್ಣ ಹಾಕಿದ ಮಾತ್ರಕ್ಕೆ ಈ ಲೋಹ ತಳಕ್ಕಿಳಿಯದು. ದುಬಾರಿ ರಾಳ, ಸಕ್ರಿಯ ಇಂಗಾಲಗಳು ಸಣ್ಣ ಮಾಲೀಕನ ಕೈಗೆಟುಕವು. ಹೊಟ್ಟಿನ ಅಗತ್ಯವಿರುವುದು ಇಂಥವನಿಗೇ.

ಆದರೂ ಈ ವಿದ್ಯೆ ಪ್ರಯೋಗಶಾಲೆಯ ಹೊಸ್ತಿಲು ದಾಟಿದ್ದು ವಿರಳ. ಅಲ್ಲಿ ಬಟ್ಟಿ ಇಳಿಸಿದ ನೀರಿಗೆ ಒಂದೇ ಲೋಹ ಬೆರೆಸಿ ಪರೀಕ್ಷಿಸುವುದೇ ಹೆಚ್ಚು. ಘಟಕದ ನೀರಿನಲ್ಲಾದರೋ ಹಲವು ಲೋಹಗಳೊಡನೆ ಎಣ್ಣೆಯೂ ಇರುತ್ತದೆ. ಷಡ್ವೇಲೆನ್ಸಿಯ ಕ್ರೋಮಿಯಂ ಚೆನ್ನಾಗಿ ಅಂಟುವುದು ಪಿಎಚ್ 2ರ ಸುಮಾರಿನ ಆಮ್ಲೀಯ ನೀರಿನಲ್ಲಿ. ಸೀಸ, ತಾಮ್ರಗಳಿಗೆ 5 ಅಥವಾ 6 ಬೇಕು. ಒಂದೇ ತೊಟ್ಟಿ ಎಲ್ಲಕ್ಕೂ ಸಾಲದು.

ನನ್ನ ಮುಖ್ಯ ಆಕ್ಷೇಪ ಬೇರೆಯದು. ಲೋಹ ನಾಶವಾಗುವ ವಸ್ತುವಲ್ಲ. ನೀರಿನಿಂದ ಹೊಟ್ಟಿಗೆ ವರ್ಗವಾಗುತ್ತದೆ, ಅಷ್ಟೆ. ಆ ಹೊಟ್ಟನ್ನು ಬಯಲಿಗೆ ಸುರಿದರೆ ಮಳೆಯಲ್ಲಿ ತೊಳೆದು ಅಂತರ್ಜಲ ಸೇರೀತು. ಒಲೆಗೆ ಹಾಕಿದರೆ ಬೂದಿಯಲ್ಲುಳಿದೀತು. ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯೊಂದು ಲಕ್ಷಕ್ಕೂ ಮಿಕ್ಕ ಟನ್ ಕ್ರೋಮಿಯಂ ತ್ಯಾಜ್ಯವನ್ನು ಬಿಟ್ಟುಹೋಯಿತು. ಅದು ಹೊಟ್ಟಿನಿಂದ ಬಂದುದಲ್ಲ. ಆದರೆ ಒಡೆಯನಿಲ್ಲದ ತ್ಯಾಜ್ಯ ಸುತ್ತಲಿನ ಅಂತರ್ಜಲವನ್ನು ಏನು ಮಾಡುತ್ತದೆಂಬುದನ್ನು ಅದು ತೋರಿಸಿಕೊಟ್ಟಿದೆ.

ಆದ್ದರಿಂದ ಹೊಟ್ಟನ್ನು ಒದಗಿಸುವ ಮತ್ತು ಬಳಸಿದ ಮೇಲೆ ತೂಕ ಮಾಡಿ ಹಿಂಪಡೆಯುವ ಹೊಣೆ ಕೈಗಾರಿಕಾ ಪ್ರದೇಶದ ಸಾಮೂಹಿಕ ಶುದ್ಧೀಕರಣ ಕೇಂದ್ರದ್ದಾಗಬೇಕು. ದುರ್ಬಲ ಆಮ್ಲದಿಂದ ತೊಳೆದು ಸಾಧ್ಯವಾದಷ್ಟು ಲೋಹವನ್ನು ಮರಳಿ ಪಡೆಯಲಿ. ಉಳಿದುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಸುರಕ್ಷಿತ ಭರ್ತಿತಾಣ ಸೇರಲಿ. ಈ ವೆಚ್ಚವನ್ನೂ ಕೂಡಿಸಿದ ಮೇಲೆಯೇ ‘ಅಗ್ಗ’ವೆಂಬ ಮಾತಾಡಬೇಕು. ಹೊರನಾಡಿನಲ್ಲಿ ಕಾರ್ಖಾನೆ ನಡೆಸುವ, ಅಲ್ಲಿ ದುಡಿಯುವ ಕನ್ನಡ ಬಂಧುಗಳು ತಮ್ಮ ಕೈಗಾರಿಕಾ ಸಂಘಗಳಲ್ಲಿ ಈ ಪ್ರಶ್ನೆಯನ್ನೆತ್ತಲಿ ಎಂಬುದು ನನ್ನ ವಿನಂತಿ.