ಲಾಸ್ಟ್ ಓವರ್ ಹಾಕೋನನ್ನ ಸುಮ್ಮನೆ ಬಿಡಬೇಡಿ

ದೀಪಾವಳಿ ಮುಗೀತು ಅಂದ್ರೆ ನಮ್ಮ ಟೆನಿಸ್ ಬಾಲ್ ಟೀಮಿನಲ್ಲಿ ಒಂದು ಜಗಳ ಗ್ಯಾರಂಟಿ. ಮುಂದಿನ ಸೀಸನ್‌ಗೆ ಯಾರನ್ನ ಉಳಿಸಿಕೊಳ್ಳೋದು, ಯಾರನ್ನ ಬಿಡೋದು? ಅರ್ಧ ಹುಡುಗರು ನಂಜನಗೂಡಿನವರು, ಅರ್ಧ ಟಿ. ನರಸೀಪುರದ ಕಡೆಯವರು. ಬ್ಯಾಟ್ಸ್‌ಮನ್‌ಗಳ ವಿಷಯ ಒಂದು ಟೀ ಕುಡಿಯೋದರೊಳಗೆ ಮುಗಿದುಹೋಗುತ್ತೆ. ಆದ್ರೆ ಕೊನೆಯ ಓವರ್‌ಗಳನ್ನ ಹಾಕೋರು ನಾಲ್ಕು ಜನ, ಜಾಗ ಇರೋದು ಇಬ್ಬರಿಗೆ. ತಕರಾರು ಶುರುವಾಗೋದೇ ಅಲ್ಲಿ.

ಈ ಸಲ ಮಾತು ನಿಂತಿದ್ದು ನರಸೀಪುರದ ಒಬ್ಬ ಹುಡುಗನ ಮೇಲೆ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಶನಿವಾರ ನೈಟ್ ಶಿಫ್ಟ್ ಮುಗಿಸಿ, ಭಾನುವಾರ ಬೆಳಗ್ಗೆ ಮನೆಗೂ ಹೋಗದೆ ಮೈದಾನಕ್ಕೆ ಬರ್ತಾನೆ. ಫೋನಿನಲ್ಲಿ ಸ್ಕೋರ್ ತೆಗೆದ ಒಬ್ಬ, "ಎಕಾನಮಿಯಲ್ಲಿ ಎಲ್ಲರಿಗಿಂತ ಕೆಳಗಿದ್ದಾನೆ, ಬಿಟ್ಟುಬಿಡೋಣ" ಅಂದ. ದಿನವಿಡೀ ನಂಬರ್ ನೋಡೋದೇ ನನ್ನ ಕೆಲಸ. ಆದ್ರೂ ಹೇಳ್ತೀನಿ, ಈ ಒಂದು ನಂಬರ್ ಹಿಡಿದುಕೊಂಡು ಯಾರನ್ನೂ ಕೈಬಿಡಬಾರದು.

ಯಾಕೆ ಅಂತ ನಮ್ಮ ಆರ್‌ಸಿಬಿಯನ್ನೇ ನೋಡಿ. 2023ರ ಏಪ್ರಿಲ್ 9ರಂದು ಗುಜರಾತ್ ಟೈಟನ್ಸ್‌ನಲ್ಲಿದ್ದ ಯಶ್ ದಯಾಳ್‌ಗೆ ಕೊನೆಯ ಓವರಿನಲ್ಲಿ ರಿಂಕು ಸಿಂಗ್ ಐದು ಸಿಕ್ಸರ್ ಬಾರಿಸಿದರು. ಆ ಸೀಸನ್ ಆದ್ಮೇಲೆ ಗುಜರಾತ್ ಅವರನ್ನ ಬಿಟ್ಟಿತು, ಆರ್‌ಸಿಬಿ ಕರ್ಕೊಂಡಿತು. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಪ್ಲೇಆಫ್ ಸೇರೋಕೆ ಚೆನ್ನೈಗೆ ಕೊನೆಯ ಓವರಿನಲ್ಲಿ 17 ರನ್ ಬೇಕಿತ್ತು. ಮೊದಲ ಬಾಲ್‌ಗೇ ಧೋನಿ ಸಿಕ್ಸ್. ಎರಡನೇ ಬಾಲ್‌ಗೆ ಧೋನಿ ಔಟ್. ಇಡೀ ಓವರಿನಲ್ಲಿ ದಯಾಳ್ ಕೊಟ್ಟಿದ್ದು 7 ರನ್.

ಆ ವರ್ಷ ಮೆಗಾ ಆಕ್ಷನ್‌ಗೆ ಮೊದಲು ಆರ್‌ಸಿಬಿ ಉಳಿಸಿಕೊಂಡಿದ್ದು ಮೂವರನ್ನ ಮಾತ್ರ: ಕೊಹ್ಲಿ 21 ಕೋಟಿ, ರಜತ್ ಪಾಟಿದಾರ್ 11 ಕೋಟಿ, ದಯಾಳ್ 5 ಕೋಟಿ. 2018ರಿಂದ ಟೀಮಿನಲ್ಲಿದ್ದ ಸಿರಾಜ್‌ಗೇ ಜಾಗ ಸಿಗಲಿಲ್ಲ. ಉಳಿದ ದುಡ್ಡಿನಲ್ಲಿ ಹೇಜಲ್‌ವುಡ್ 12.50 ಕೋಟಿಗೆ, ಭುವನೇಶ್ವರ್ 10.75 ಕೋಟಿಗೆ ಬಂದರು.

ಬಿಟ್ಟಿದ್ದಕ್ಕೆ ಬೆಲೆಯನ್ನೂ ತೆತ್ತರು. 2025ರ ಏಪ್ರಿಲ್ 2ರಂದು ಅದೇ ಸಿರಾಜ್ ಗುಜರಾತ್ ಪರ ಚಿನ್ನಸ್ವಾಮಿಗೆ ಬಂದು 19 ರನ್‌ಗೆ 3 ವಿಕೆಟ್ ಕಿತ್ತರು. ಆದ್ರೆ ಮೇ 3ರಂದು ಮತ್ತೆ ಚೆನ್ನೈ, ಮತ್ತೆ ಕೊನೆಯ ಓವರ್, ಬೇಕಿದ್ದದ್ದು 15. ದಯಾಳ್ ಮತ್ತೆ ಧೋನಿಯನ್ನ ಔಟ್ ಮಾಡಿದರು. ನೋಬಾಲ್‌ಗೆ ಸಿಕ್ಸ್ ಹೋದ್ರೂ 2 ರನ್‌ನಲ್ಲಿ ಗೆದ್ದೆವು.

ಇನ್ನು ಜೂನ್ 3ರ ಫೈನಲ್. ಹೇಜಲ್‌ವುಡ್ ನಾಲ್ಕು ಓವರಿಗೆ ಕೊಟ್ಟಿದ್ದು 54 ರನ್. ಬರೀ ಅಂಕಿ ನೋಡಿದ್ರೆ "ಏನಪ್ಪಾ ಇವನು" ಅನ್ಸುತ್ತೆ. ಆದ್ರೆ ಕೊನೆಯ ಓವರಿನಲ್ಲಿ ಪಂಜಾಬ್‌ಗೆ 29 ಬೇಕಿದ್ದಾಗ ಮೊದಲ ಎರಡು ಬಾಲ್ ಡಾಟ್. ಮ್ಯಾಚ್ ಮುಗಿದಿದ್ದು ಅಲ್ಲೇ. ಆಮೇಲೆ ಹೋದ 22 ರನ್ ಸ್ಕೋರ್‌ಕಾರ್ಡಿಗೆ ಸೇರಿತು, ಕಪ್ಪು ನಮಗೆ ಸೇರಿತು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ತಲೆನೋವು. ಅಲ್ಲಿ ಆಟದ ಮಧ್ಯದಲ್ಲಿ ಬಂದು ಬಾಲ್ ಹಾಕೋರಿಗೆ ರಿಲೀಫ್ ಪಿಚರ್ ಅಂತಾರೆ. ಹಿಂದಿನವನು ಬೇಸ್ ಮೇಲೆ ಬಿಟ್ಟುಹೋದ ಆಟಗಾರರು ಆಮೇಲೆ ರನ್ ಗಳಿಸಿದ್ರೆ, ಅದು ಹಿಂದಿನವನ ಲೆಕ್ಕಕ್ಕೇ ಹೋಗುತ್ತೆ. ಹಾಗಾಗಿ ಸರಾಸರಿ ಒಂದನ್ನೇ ನಂಬಿದ್ರೆ ಯಾರು ನಿಜವಾಗಿ ಕೈಹಿಡಿದರು ಅಂತ ತಿಳಿಯೋದಿಲ್ಲ. ಅದಕ್ಕೇ ಅಲ್ಲಿನವರು ಪಿಚರ್ ಎಷ್ಟು ಬಿಗಿಯಾದ ಹೊತ್ತಿನಲ್ಲಿ ಬಂದ ಅನ್ನೋದಕ್ಕೂ ಒಂದು ಅಳತೆ ಇಟ್ಟುಕೊಂಡಿದ್ದಾರೆ.

ನಮ್ಮ ಟೀಮಿಗೆ ಅಷ್ಟೆಲ್ಲ ಬೇಡ. ನಾಲ್ಕೂ ಜನರ ಬಗ್ಗೆ ಮೂರೇ ಪ್ರಶ್ನೆ ಕೇಳಿದೆ. ಮ್ಯಾಚ್ ಕೈಯಲ್ಲಿದ್ದಾಗ ಬಾಲ್ ಹಾಕಿದ್ನಾ, ಕೈತಪ್ಪಿದ ಮೇಲೆ ಹಾಕಿದ್ನಾ? ಸಿಕ್ಸ್ ಹೋದ ಮೇಲಿನ ಬಾಲ್ ಹೇಗಿತ್ತು? ಇಬ್ಬರೂ ಒಂದೇ ಥರದ ಬೌಲರ್‌ಗಳಾ? ಇಬ್ಬರೂ ಬರೀ ವೇಗ ನಂಬಿದವರಾದ್ರೆ, ಒಬ್ಬನಿಗೆ ಹೊಡೆದವನು ಇನ್ನೊಬ್ಬನಿಗೂ ಹೊಡೀತಾನೆ.

ಹೀಗೆ ಕೇಳಿದಾಗ ಚಿತ್ರವೇ ಬೇರೆ ಬಂತು. ಎಕಾನಮಿಯಲ್ಲಿ ಮುಂದಿದ್ದವನು ಹೆಚ್ಚಾಗಿ ಬಾಲ್ ಹಾಕಿದ್ದು ಗೆಲುವು ಗ್ಯಾರಂಟಿಯಾದ ಮ್ಯಾಚ್‌ಗಳಲ್ಲಿ. ಟೈಟ್ ಮ್ಯಾಚ್ ಬಂದಾಗೆಲ್ಲ ಕ್ಯಾಪ್ಟನ್ ಬಾಲ್ ಕೊಟ್ಟಿದ್ದು ನರಸೀಪುರದವನಿಗೆ. ಕಷ್ಟದ ಓವರ್‌ಗಳನ್ನೆಲ್ಲ ಅವನ ತಲೆಗೆ ಕಟ್ಟಿ, ಕೊನೆಗೆ ರನ್ ಜಾಸ್ತಿ ಹೋಯ್ತು ಅಂತ ಅವನನ್ನೇ ಕಳಿಸಿದ್ರೆ, ಮುಂದಿನ ವರ್ಷ ಆ ಓವರ್‌ಗೆ ಯಾರು ಕೈ ಎತ್ತುತ್ತಾರೆ ಹೇಳಿ?

ಕೊನೆಗೆ ಉಳಿದವರು ಅವನು, ಜೊತೆಗೆ ಸ್ಲೋ ಬಾಲ್ ಹಾಕೋ ನಂಜನಗೂಡಿನ ಒಬ್ಬ ಹುಡುಗ. ಇನ್ನಿಬ್ಬರಿಗೆ ಫೋನ್ ಮಾಡಿ ಕಾರಣ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ "ಸರಿ ಅಣ್ಣ" ಅಂದ. ಇನ್ನೊಬ್ಬ ಇನ್ನೂ ಫೋನ್ ಎತ್ತಿಲ್ಲ. ಈ ಭಾನುವಾರ ಅವನ ಮನೆಗೇ ಹೋಗ್ತೀನಿ.