ಮಳೆ ಬಂದರೆ ಪುಸ್ತಕ ಮುಚ್ಚುವ ಮಗಳು



ಅಂಕೋಲೆ ಕಡೆಯ ತಾಯಿಯೊಬ್ಬರು ಅಳಲು ತೋಡಿಕೊಂಡರು. ಹತ್ತನೇ ತರಗತಿಯ ಮಗಳು ಮಳೆ ಜೋರಾದರೆ ಪುಸ್ತಕ ಮುಚ್ಚಿಡುತ್ತಾಳಂತೆ. ಶಾಲೆಯ ಬಸ್ ಹತ್ತುವ ಹೊತ್ತಿಗೆ ಹೊಟ್ಟೆನೋವು. ಓದು ತಪ್ಪಿಸುವ ನೆಪವೆಂದು ಅವರು ಗದರಿದ್ದೂ ಆಯಿತು.

ನೆಪವೇ ಇರಬಹುದು. ಆದರೆ ಆ ಬಸ್ ಹೋಗುವುದು ಶಿರೂರಿನ ಗುಡ್ಡದ ಬುಡದಲ್ಲಿ. 2024ರ ಜುಲೈ 16ರಂದು ಅದು ಹೆದ್ದಾರಿಯ ಮೇಲೆ ಕುಸಿದು, ಚಹಾದಂಗಡಿಯನ್ನೂ ಜನರನ್ನೂ ಕೊಚ್ಚಿಕೊಂಡು ಹೋಯಿತು. ಸುಮಾರು ಮೂರು ವಾರಗಳ ನಂತರ ಕಾರವಾರದ ಹಳೆಯ ಕಾಳಿ ಸೇತುವೆಯೂ ಮುರಿದುಬಿತ್ತು. ಆ ದೃಶ್ಯಗಳನ್ನು ನಾವು ಮಕ್ಕಳ ಎದುರೇ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದೆವು. ಅವರ ಮನಸ್ಸಿಗೆ ಏನಾಯಿತೆಂದು ಯಾರು ಕೇಳಿದರು?

ಅಂಕ ಕೇಳುವ ಮೊದಲು ಇದನ್ನು ಕೇಳಿ. ಉತ್ತರ ಬರದಿದ್ದರೆ ಒತ್ತಾಯ ಬೇಡ. ಮೀನು ಶುಚಿ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾತು ತಾನಾಗಿ ಬರುತ್ತದೆ. ಕೆಲವು ದಿನ ಮನೆಯವರೊಬ್ಬರು ಬಸ್ಸಿನಲ್ಲಿ ಜೊತೆಗೆ ಹೋಗಲಿ. ತರಗತಿಯ ಟೀಚರಿಗೂ ತಿಳಿಸಿ. ನಿದ್ದೆ, ಊಟ ಕೆಟ್ಟು ವಾರಗಳೇ ಕಳೆದರೆ ಸರಕಾರದ ಟೆಲಿ ಮನಸ್, 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. (ಅದು ಹುಚ್ಚರಿಗೆ ಎನ್ನುವ ಅಜ್ಜಿಯರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.)

ಆ ತಾಯಿ ಅಂದು ರಾತ್ರಿ ಮಗಳ ಪಕ್ಕದಲ್ಲೇ ಮಲಗಿದರಂತೆ. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳಂತೆ: "ಅಮ್ಮೀ, ನಾನು ಬಸ್ಸಿನಲ್ಲಿದ್ದಾಗಲೇ ಗುಡ್ಡ ಬಿದ್ದರೆ?"